ನಲವತ್ತು ಗಾಳಿಗುಳ್ಳೆಗಳು

ಪ್ರಾಕ್ಟಿಕಲ್ ಪರೀಕ್ಷೆಗೆಂದು ಹೊರಗಿನಿಂದ ಬಂದಿದ್ದ ಪರೀಕ್ಷಕಿ ನಲವತ್ತನೆಯ ರೆಕಾರ್ಡ್ ಪುಸ್ತಕ ಮುಚ್ಚಿದರು. ನಲವತ್ತರಲ್ಲೂ ಈರುಳ್ಳಿ ಸಿಪ್ಪೆಯ ಅದೇ ಚಿತ್ರ, ಮೂಲೆಯಲ್ಲಿ ಸ್ಲೈಡಿನ ಗಾಜಿನಡಿ ಸಿಕ್ಕಿಕೊಂಡ ಅದೇ ಗಾಳಿಗುಳ್ಳೆ. ಮೇಜಿನ ಮೇಲಿದ್ದ ಮೈಕ್ರೋಸ್ಕೋಪಿನ ಪ್ಲಾಸ್ಟಿಕ್ ಹೊದಿಕೆಯ ಸೀಲನ್ನು ಮಾತ್ರ ಇನ್ನೂ ಯಾರೂ ಒಡೆದಿರಲಿಲ್ಲ.

“ಎಲ್ಲಾ ಜಾಣ ಮಕ್ಕಳು ಮೇಡಂ, ಕಣ್ಣು ಮುಚ್ಕೊಂಡು ಸೈನ್ ಹಾಕಿ,” ಎಂದರು ವಿಭಾಗದ ಮುಖ್ಯಸ್ಥರು.

ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. “ಇದೆಲ್ಲಾ ಸೀನಿಯರ್ ಅಕ್ಕನ ರೆಕಾರ್ಡಿಂದ ಕಾಪಿ ಹೊಡೆದಿರೋದು ಮೇಡಂ. ಮಾರ್ಕ್ಸ್ ಕಳೀರಿ, ಪರವಾಗಿಲ್ಲ. ಆದ್ರೆ ಒಂದ್ಸಲ ಈ ಮೈಕ್ರೋಸ್ಕೋಪಲ್ಲಿ ನೋಡ್ದೆ ನಾನು ಹೊರಗೆ ಹೋಗಲ್ಲ.”

ಪರೀಕ್ಷಕಿ ಪೆನ್ನಿಗೆ ಕ್ಯಾಪ್ ಹಾಕಿ, ಮೈಕ್ರೋಸ್ಕೋಪನ್ನು ಅವಳತ್ತ ಸರಿಸಿದರು. ಸೀಲು ಪರ್ರನೆ ಹರಿಯಿತು. ಉಳಿದ ಮೂವತ್ತೊಂಬತ್ತು ಮಂದಿಯೂ ಎದ್ದು ಬಂದು ಅವಳ ಹಿಂದೆ ಸಾಲು ನಿಂತರು. ಈರುಳ್ಳಿ ತರಲು ಮುಖ್ಯಸ್ಥರೇ ಓಡಬೇಕಾಯಿತು.