ಯಾವ ಪೇಂಟರ್?

“ಆ ಪೇಂಟರನ್ನ ಬಿಡು ಅಂದೆ, ವರ್ನಾ! ಬಿಟ್ಟು ಬಂದು ದೋಣಿ ಹತ್ತು!” ದೋಣಿಯಲ್ಲಿ ನಿಂತಿದ್ದ ಎಲ್ಡನ್ ಮಗಳಿಗೆ ಕೂಗಿದ ರಭಸಕ್ಕೆ ಲುನೆನ್‌ಬರ್ಗ್ ಬಂದರಿನ ಧಕ್ಕೆಯಲ್ಲಿ ಬಲೆ ಹೆಣೆಯುತ್ತಿದ್ದವರೆಲ್ಲ ತಲೆಯೆತ್ತಿದರು.

ವರ್ನಾಳ ಬಲಗೈಯಲ್ಲಿ ದೋಣಿಯ ಮೂತಿಗೆ ಕಟ್ಟಿದ ಹಗ್ಗವಿತ್ತು. ಕಡಲಿನವರು ಆ ಹಗ್ಗಕ್ಕೂ ಪೇಂಟರ್ ಎಂದೇ ಹೇಳುತ್ತಾರೆ. ಅವಳ ಎಡಗಡೆ ಕ್ಲೇಟನ್ ನಿಂತಿದ್ದ. ಊರಿನ ಮನೆಗಳಿಗೆ ಬಣ್ಣ ಬಳಿಯುವವನು, ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಬಣ್ಣ ಉಳಿದಿತ್ತು. ಅವನನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿದ ಮೇಲೆ ಚಳಿಗಾಲವಿಡೀ ಅಪ್ಪನ ಬಾಯಲ್ಲಿ ಇದೊಂದೇ ಮಾತು. ಯಾವ ಪೇಂಟರ್ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಹೋಗು, ನಿಮ್ಮಪ್ಪ ಗಂಟಲು ಹರ್ಕೊಳ್ತಿದಾನೆ,” ಎಂದ ಕ್ಲೇಟನ್, ಅವಳ ಮುಖ ನೋಡದೆ.

“ನೀನು ಸುಮ್ನಿರು.”

“ಕಿವಿ ಕೇಳಿಸಲ್ವೇನೇ?” ಎಲ್ಡನ್ ಮತ್ತೆ ಕೂಗಿದ. “ಈಗ ಬಿಡದಿದ್ರೆ ಇನ್ನು ನನ್ನ ಮನೆ ಹೊಸ್ತಿಲು ತುಳೀಬೇಡ!”

“ಬಿಟ್ಟೆ, ಅಪ್ಪಾ,” ಎಂದು ವರ್ನಾ ಬಲಗೈ ಬಿಚ್ಚಿದಳು. ಹಗ್ಗ ಸರ್ರನೆ ಜಾರಿ ನೀರಿಗೆ ಬಿತ್ತು. ಇಳಿತದ ನೀರು ದೋಣಿಯನ್ನು ಧಕ್ಕೆಯಿಂದ ಆಚೆಗೆ ಎಳೆಯಿತು.

“ಈ ಪೇಂಟರ್ ಅಲ್ಲ ಕಣೇ, ದರಿದ್ರದವಳೇ!”

ಬಲೆಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ವರ್ನಾ ನಗಲಿಲ್ಲ. ಕೈ ಚಾಚಿದರೂ ಎಟುಕದಷ್ಟು ದೂರಕ್ಕೆ ಅಪ್ಪ ಸರಿಯುವವರೆಗೆ ನೋಡುತ್ತಾ ನಿಂತಳು. ಆಮೇಲೆ ಒದ್ದೆ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ಕ್ಲೇಟನ್‌ನ ಬಣ್ಣ ಹತ್ತಿದ ಕೈ ಹಿಡಿದಳು.