ಕೆಂಪಾಗದ ಬಿಲ್ಲೆ

ನಾನು ಪಾಠ ಮಾಡುವ ಗದಗಿನ ಶಾಲೆಯಲ್ಲಿ ಇಂಗ್ಲಿಷ್ ಮಾತಾಡುವವರೆಲ್ಲ ಹೆಗಲಿಗೆ ಬಿಲ್ಲೆ ಹಾಕಿಕೊಳ್ಳಬೇಕು. ವಾಕ್ಯ ತಪ್ಪಿದರೆ ಅದು ಕೆಂಪಗೆ ಹೊತ್ತಿಕೊಳ್ಳುತ್ತದೆ. ಬ್ಯಾಂಕಿನಲ್ಲೂ ಹೀಗೇ, ಕೋರ್ಟಿನಲ್ಲೂ ಹೀಗೇ. ಸಭೆಗೆ ಬರುವ ಪಾಲಕರಿಗೆ ಗೇಟಿನಲ್ಲೇ ಒಂದೊಂದು ಕೊಡುತ್ತಾರೆ.

ಅಂಥ ಒಂದು ಸಭೆಯ ದಿನ ಫಕ್ಕೀರಪ್ಪ ಎಂಬವರು ಮಗಳು ದಾನೇಶ್ವರಿಯೊಡನೆ ನನ್ನ ಮೇಜಿನ ಮುಂದೆ ನಿಂತರು. ವಾಕ್ಯ ಜೋಡಿಸುವ ಪರೀಕ್ಷೆಯಲ್ಲಿ ಅವಳಿಗೆ ಹತ್ತಕ್ಕೆ ಎರಡು ಬಂದಿತ್ತು. ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಅವರು ಒಪ್ಪಿಸಿದರು: "ಮೈ ಡಾಟರ್ ಡೇಲಿ ಕ್ರೈಯಿಂಗ್. ಶಿ ಫಿಯರ್ ಯೂ."

ಅವರ ಬಿಲ್ಲೆ ಎರಡು ಸಲ ಕೆಂಪಾಯಿತು. ಅವರು ಹೇಳಿದ್ದು ನನಗೆ ನಾಟಬೇಕಿತ್ತು. ನಾನು ತಪ್ಪನ್ನಷ್ಟೇ ಕೇಳಿಸಿಕೊಂಡೆ.

"ಎರಡನ್ನೂ ತಿದ್ದಿ, ಸೇರಿಸಿ, ಒಂದೇ ವಾಕ್ಯ ಮಾಡಿ ಹೇಳ್ರಿ" ಎಂದೆ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ.

ಅವರು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಕೆಂಪು. ದಾನೇಶ್ವರಿ ನೆಲ ನೋಡುತ್ತಿದ್ದಳು.

ನನ್ನ ಬಿಲ್ಲೆ ಈಗ ಕೆಂಪಾಗುವುದಿಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಇಡೀ ತರಗತಿಯ ಎದುರು ಹೊತ್ತಿಕೊಂಡಿತ್ತು. ಅಂದು ಮನೆಗೆ ಹೋದವಳೇ ಅದರ ಅಂಚಿನ ತಂತಿಯನ್ನು ಕತ್ತರಿಯಿಂದ ಕತ್ತರಿಸಿದ್ದೆ. ನಾನು ತಪ್ಪೇ ಮಾಡುವುದಿಲ್ಲ ಎಂದು ಮಕ್ಕಳು ನಂಬಿದ್ದಾರೆ.

ಫಕ್ಕೀರಪ್ಪನವರದು ಬಿಲ್ಲೆ ರಿಪೇರಿಯ ಅಂಗಡಿ ಎಂದು ನನಗೆ ಗೊತ್ತಿರಲಿಲ್ಲ. ಅವರು ನನ್ನ ಹೆಗಲನ್ನು ಒಂದು ಗಳಿಗೆ ನೋಡಿದರು. ಮೇಜಿನ ಮೇಲೆ ಬಾಗಿ, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಮೇಡಂ, ತಂತಿ ಹೊರಗಿಂದ ಕಡದ್ರ ಕಾಣತೈತ್ರಿ. ನಮ್ಮ ಅಂಗಡಿಗೆ ಕೊಟ್ಟ ಕಳಸ್ರಿ, ಒಳಗಿಂದ ಕಡದ ಕೊಡ್ತೀನಿ. ಬಾಕಿ ಟೀಚರ್‌ಗಳಿಗೂ ನಾನ ಮಾಡಿಕೊಟ್ಟೀನ್ರಿ."

ದಾನೇಶ್ವರಿ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು.