ನಾಲ್ಕು ಕರೆಂಟ್ ಅಕೌಂಟು

ಟೈಲ್ಸ್ ಅಂಗಡಿಯ ಶೆಟ್ಟರಿಗೆ ನಾಲ್ಕು ಬ್ಯಾಂಕಿನಲ್ಲಿ ನಾಲ್ಕು ಕರೆಂಟ್ ಅಕೌಂಟು. "ಒಂದು ಕೈಕೊಟ್ರೆ ಇನ್ನು ಮೂರಿರ್ತಾವಲ್ಲ" ಅಂತ ಬಂದ ಗಿರಾಕಿಗೆಲ್ಲ ಉಪದೇಶ ಬೇರೆ.

ಹೆಂಡತಿಯ ಆಪರೇಷನ್ನಿಗೆ ಅಡ್ವಾನ್ಸ್ ಕಟ್ಟಲು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ನಾಲ್ಕು ಕಾರ್ಡೂ ಕೈಕೊಟ್ಟವು. ಶೆಟ್ಟರು ಅಲ್ಲಿಂದಲೇ ಒಂದು ಬ್ಯಾಂಕಿನ ಮ್ಯಾನೇಜರಿಗೆ ಫೋನ್ ಹಚ್ಚಿದರು.

"ಯಾವನೋ ಗಿರಾಕಿ ನಿಮಗೆ ಕೊಟ್ಟಿದ್ದು ವಂಚನೆ ದುಡ್ಡಂತೆ ಶೆಟ್ರೇ. ಪೊಲೀಸರು ಅಕೌಂಟ್ ತಡೆಹಿಡಿಸಿದ್ದಾರೆ."

"ಅದು ಬಂದಿದ್ದು ಒಂದೇ ಅಕೌಂಟಿಗಲ್ವಾ ಸಾರ್! ಮಿಕ್ಕ ಮೂರು ಏನು ಪಾಪ ಮಾಡಿದ್ವು?"

"ಆ ದುಡ್ಡು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲ ಬೀಗ ಬೀಳುತ್ತೆ. ನೀವು ಬೇರೆ ಕಡೆ ಕಳಿಸಿದ್ರಾ?"



"ದಿನಾ ಅಂಗಡಿ ಬಾಗಿಲು ಹಾಕೋವಾಗ ನಾಲ್ಕಕ್ಕೂ ಸಮ ಹಂಚ್ತೀನಿ ಸಾರ್... ಸೇಫಾಗಿರಲಿ ಅಂತ."